ತೋಟ ಅದೇ, ವರದಿ ಏಕೆ ಬೇರೆ?

ಪ್ರಶ್ನೆ: ಕಾಫಿ ಕಂಪನಿಯೊಂದರಲ್ಲಿ ಪರಿಸರ ವರದಿಗೆ ಅಂಕಿಅಂಶ ಒಟ್ಟುಗೂಡಿಸುವುದು ನನ್ನ ಕೆಲಸ. ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ) ನೀರು ಹಳ್ಳಕ್ಕೆ ಸೋರಿದ್ದನ್ನು ಹಿಂದಿನ ಎಂ.ಡಿ. ವರದಿಯಿಂದ ತೆಗೆಸುತ್ತಿದ್ದರು. ಈಗ ಬಂದಿರುವ ಜರ್ಮನಿಯವರು ಅದನ್ನೇ ಮೊದಲು ಬರೆಯಿರಿ ಎನ್ನುತ್ತಾರೆ. ಇದು ಅವರವರ ಸಂಸ್ಕೃತಿಯ ಪ್ರಭಾವವೇ?
— ಓದುಗರು, ಮೂಡಿಗೆರೆ

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಆದರೆ ದೇಶ ನೋಡಿ ತೀರ್ಮಾನಕ್ಕೆ ಬರಬೇಡಿ. ಡಚ್ ವಿದ್ವಾಂಸ ಹಾಫ್‌ಸ್ಟೆಡ್ ಐಬಿಎಂ ನೌಕರರ ಸಮೀಕ್ಷೆಯ ಆಧಾರದ ಮೇಲೆ ದೇಶಗಳಿಗೆ ಅಂಕ ಕೊಟ್ಟಿದ್ದರು. ಅದನ್ನು 1988ರಲ್ಲಿ ಲೆಕ್ಕಪತ್ರಕ್ಕೆ ಅನ್ವಯಿಸಿದ ವಿದ್ವಾಂಸ ಗ್ರೇ, ಮೇಲು-ಕೀಳಿನ ಅಂತರವನ್ನು ಒಪ್ಪಿಕೊಂಡ ಸಮಾಜದಲ್ಲೂ ಅನಿಶ್ಚಿತತೆಗೆ ಅಂಜುವ ಸಮಾಜದಲ್ಲೂ ಗುಟ್ಟು ಹೆಚ್ಚು ಎಂದರು. ಹಾಫ್‌ಸ್ಟೆಡ್ ಅಂಕದಲ್ಲಿ ಮೊದಲನೆಯದಕ್ಕೆ ಭಾರತಕ್ಕೆ 77, ಜರ್ಮನಿಗೆ 35. ಎರಡನೆಯದಕ್ಕೆ ಭಾರತಕ್ಕೆ 40, ಜರ್ಮನಿಗೆ 65. ಮುಚ್ಚಿಡಲು ಇಬ್ಬರಿಗೂ ಒಂದೊಂದು ಕಾರಣವಿದೆ ಎಂದಾಯಿತು! ಅದೂ ದೇಶದ ಸರಾಸರಿ, ನಿಮ್ಮ ಎಂ.ಡಿ.ಯನ್ನು ಅದರಿಂದ ಅಳೆಯಲಾಗದು.

ನಿಜವಾದ ಪೆಟ್ಟು ಬೀಳುವುದು ಕೆಳಗೆ. ನೀರಿನ ಹರಿವು ಅಳೆಯುವ ಫ್ಲೋ ಮೀಟರ್ ಕೆಟ್ಟಿದ್ದನ್ನು ಮೇಸ್ತ್ರಿ ರೈಟರಿಗೆ (ತೋಟದ ಗುಮಾಸ್ತರಿಗೆ) ಹೇಳಬೇಕು, ರೈಟರು ಮ್ಯಾನೇಜರಿಗೆ. ಮೇಲಿನವರು ಬೈಯುತ್ತಾರೆಂದು ಗೊತ್ತಿದ್ದರೆ ಹೋದ ತಿಂಗಳ ಅಂಕಿಯೇ ಈ ತಿಂಗಳೂ ಬರುತ್ತದೆ. ಇಲ್ಲವೇ ಪಂಪ್ ಓಡಿದ ಗಂಟೆಯನ್ನು ಅದರ ಫಲಕದಲ್ಲಿರುವ ಸಾಮರ್ಥ್ಯದಿಂದ ಗುಣಿಸುತ್ತಾರೆ. ಸವೆದ ಪಂಪ್ ಅಷ್ಟು ನೀರು ಎತ್ತುವುದೇ ಇಲ್ಲ. ಆಗ ಎಂ.ಡಿ. ಎಷ್ಟೇ ಮುಕ್ತ ಮನಸ್ಸಿನವರಾದರೂ ಅಚ್ಚಾಗುವುದು ತಪ್ಪು ಲೆಕ್ಕವೇ. ಆದ್ದರಿಂದ ಲಾಗ್ ಪುಸ್ತಕದಲ್ಲಿ ‘ಮೀಟರ್ ಕೆಟ್ಟಿದೆ, ಅಂದಾಜು’ ಎಂಬ ಕಾಲಂ ಇಡಿ. ಓದಿದವರ ಸಹಿ, ದಿನಾಂಕ ಹಾಕಿಸಿ.

ವಿದೇಶದ ಅಧಿಕಾರಿಗಳಿದ್ದಾಗ ಇನ್ನೆರಡು ಎಚ್ಚರಿಕೆ ಬೇಕು. ಅವರ ಲೆಕ್ಕದ ವರ್ಷ ಜನವರಿಯಿಂದ ಡಿಸೆಂಬರ್ ಆಗಿದ್ದರೆ ನಮ್ಮ ಅರೇಬಿಕಾ ಕೊಯ್ಲು ಎರಡು ವರ್ಷಕ್ಕೆ ಹರಿದುಹೋಗುತ್ತದೆ. ಏಪ್ರಿಲ್–ಮಾರ್ಚ್ ಲೆಕ್ಕದಲ್ಲಿ ಇಡೀ ಪಲ್ಪಿಂಗ್ ಕಾಲ ಒಟ್ಟಿಗಿರುತ್ತದೆ. ತಿಂಗಳವಾರು ಅಂಕಿ ಕಳಿಸಿದರೆ ಎರಡೂ ಸಿಗುತ್ತವೆ. ಜರ್ಮನ್ ಪದ್ಧತಿಯಲ್ಲಿ 1.250 ಎಂದರೆ ಸಾವಿರದ ಇನ್ನೂರ ಐವತ್ತು. ನಮಗದು ಒಂದೂಕಾಲು!

ಷೇರುಪೇಟೆಯಲ್ಲಿ ಮೌಲ್ಯದ ಲೆಕ್ಕದ ಮೊದಲ 1000 ಕಂಪನಿಗಳಿಗೆ, ಷೇರುಪೇಟೆ ನಿಯಂತ್ರಕ ಸೆಬಿಯ ಬಿ.ಆರ್.ಎಸ್.ಆರ್. (ವ್ಯವಹಾರದ ಹೊಣೆಗಾರಿಕೆ, ಸುಸ್ಥಿರತೆಯ ವರದಿ) ನಮೂನೆ 2022–23ರಿಂದ ಕಡ್ಡಾಯ. ನೀರು, ವಿದ್ಯುತ್, ಕಸದ ಲೆಕ್ಕವನ್ನು, ಪರಿಸರ ಕಾಯ್ದೆ ಪಾಲಿಸದ ಪ್ರಸಂಗಗಳನ್ನು ಅಲ್ಲಿ ಯಾವ ಊರಿನ ಎಂ.ಡಿ.ಯೂ ಬಿಡುವಂತಿಲ್ಲ. ಸರಬರಾಜುದಾರರ ಕಡೆಯ ಇಂಗಾಲದ ಹೊರಸೂಸುವಿಕೆಯಂಥ ಐಚ್ಛಿಕ ಕಾಲಂಗಳೇ ಬೇರೆ. ಅಧಿಕಾರಿಯ ಸ್ವಭಾವ ಕಾಣುವುದು ಅವುಗಳಲ್ಲಿ. ನಿಮ್ಮದು ಆ ಪಟ್ಟಿಯಲ್ಲಿ ಇಲ್ಲದ ಕಂಪನಿಯಾದರೂ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಪಡೆದ ಘಟಕ ಪ್ರತಿ ಸೆಪ್ಟೆಂಬರ್ 30ರೊಳಗೆ ಫಾರಂ 5 (ವಾರ್ಷಿಕ ಪರಿಸರ ಹೇಳಿಕೆ) ಸಲ್ಲಿಸಬೇಕು. ಅದರ ನೀರಿನ ಅಂಕಿ ನಿಮ್ಮ ವಾರ್ಷಿಕ ವರದಿಯದ್ದಕ್ಕೆ ತಾಳೆಯಾಗದಿದ್ದರೆ, ಅಚ್ಚಿಗೆ ಹೋಗುವ ಮೊದಲೇ ಹೊಸ ಎಂ.ಡಿ.ಯವರಿಗೆ ತೋರಿಸಿ.