ಚೂರು ಬಟ್ಟೆಯ ಹೊದಿಕೆ ಒಂದೇ ಒಗೆತಕ್ಕೆ ಮುದುರುವುದೇಕೆ?

ಪ್ರಶ್ನೆ: ಹೊಲಿದು ಉಳಿದ ತುಂಡುಗಳನ್ನೆಲ್ಲ 5 ಇಂಚಿನ ಚೌಕಗಳಾಗಿ ಕತ್ತರಿಸಿ ಮಂಚಕ್ಕೊಂದು ಹೊದಿಕೆ ಹೊಲಿದೆ. ಮೂರು ವಾರ ಹಿಡಿಯಿತು. ಒಂದೇ ಒಗೆತಕ್ಕೆ ಅಲ್ಲಲ್ಲಿ ಮುದುರಿಕೊಂಡಿತು, ಎರಡು ಮೂರು ಕಡೆ ಹೊಲಿಗೆ ಬಿಟ್ಟಿತು. ನೂಲು ಕಳಪೆಯೇ, ಯಂತ್ರ ಸರಿಯಿಲ್ಲವೇ?

ಉತ್ತರ: ಈ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ನನಗೆ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ದೂರು ಮಾತ್ರ ಯಂತ್ರದ ಮೇಲೆ. ತಪ್ಪು ನಡೆದದ್ದು ಯಂತ್ರದ ಮುಂದೆ ಕೂರುವುದಕ್ಕೂ ಮೊದಲು, ತುಂಡುಗಳನ್ನು ನೆಲದ ಮೇಲೆ ಹರಡಿಕೊಂಡು ಬಣ್ಣ ನೋಡಿ ಜೋಡಿಸಿದಿರಲ್ಲ, ಆಗ. ಚೂರು ಬಟ್ಟೆಯನ್ನು ಮೊದಲು ಕೈಯಿಂದ ವಿಂಗಡಿಸಬೇಕು. ಕಣ್ಣಿಗೆ ಕೆಲಸ ಆಮೇಲೆ.

ಒಗೆಯದ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಶೇಕಡಾ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. ನಿಮ್ಮ 5 ಇಂಚಿನ ಚೌಕಕ್ಕೆ ಅದು ಹೆಚ್ಚೆಂದರೆ ಕಾಲು ಇಂಚು. ಅದರ ಪಕ್ಕದ ಚೌಕ ಪಾಲಿಯೆಸ್ಟರ್ ಆಗಿದ್ದರೆ ಅದು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಒಂದು ಎಳೆಯುತ್ತದೆ, ಇನ್ನೊಂದು ಜಗ್ಗುವುದಿಲ್ಲ, ನಡುವಿನ ಹೊಲಿಗೆ ಸುಕ್ಕುಗಟ್ಟುತ್ತದೆ. ಹತ್ತು ಸಲ ಒಗೆದ ಹಳೆಯ ಅಂಗಿಯ ತುಂಡಿನ ಪಕ್ಕದಲ್ಲಿ ಥಾನಿನಿಂದ ಆಗತಾನೇ ಕತ್ತರಿಸಿದ ಹೊಸ ಹತ್ತಿಯನ್ನು ಇಟ್ಟರೂ ಇದೇ ಗತಿ. ಆದ್ದರಿಂದ ಹತ್ತಿಯ ತುಂಡುಗಳನ್ನೆಲ್ಲ ಕತ್ತರಿಸುವ ಮೊದಲೇ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿಟ್ಟುಕೊಳ್ಳಿ. ಇಸ್ತ್ರಿಯನ್ನು ಇಟ್ಟು ಒತ್ತಬೇಕು. ಅತ್ತಿತ್ತ ತಳ್ಳಿದರೆ ಚಿಕ್ಕ ತುಂಡು ಅಲ್ಲೇ ಸೊಟ್ಟಗಾಗುತ್ತದೆ.

ಯಾವುದು ಹತ್ತಿ, ಯಾವುದು ಅಲ್ಲ ಎಂದು ತಿಳಿಯದಿದ್ದರೆ ಅಂಚಿನಿಂದ ನಾಲ್ಕು ಎಳೆ ಬಿಡಿಸಿ, ಚಿಮುಟದಲ್ಲಿ ಹಿಡಿದು, ನೀರಿನ ತೊಟ್ಟಿಯ ಮೇಲೆ ಬೆಂಕಿ ತಾಗಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಪುಡಿ ಬೂದಿಯಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟಂತೆ ನಾರುತ್ತವೆ. ಪಾಲಿಯೆಸ್ಟರ್ ಕರಗಿ, ಮುದ್ದೆಯಾಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಮುಟ್ಟಿ ನೋಡಿಯೇ ಹೇಳಿಬಿಡುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಮಿಶ್ರ ನೂಲಿನ ಬಟ್ಟೆ ನನ್ನ ಬೆರಳುಗಳಿಗೇ ಇನ್ನೂ ಮೋಸ ಮಾಡುತ್ತದೆ.

ಇನ್ನು ಎಳೆಯ ದಿಕ್ಕು. ಬಟ್ಟೆಯ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಹಾಸಿನ, ಎಂದರೆ ನೇಯುವಾಗ ಉದ್ದಕ್ಕೆ ಕಟ್ಟಿದ ಎಳೆಗಳ, ಉದ್ದಕ್ಕೆ ಎಳೆಯಿರಿ, ಜಗ್ಗುವುದಿಲ್ಲ. ಹೊಕ್ಕಿನ, ಎಂದರೆ ಅಡ್ಡ ಎಳೆಗಳ, ಕಡೆಗೆ ಎಳೆಯಿರಿ, ಕೊಂಚ ಬಿಡುತ್ತದೆ. ಮೂಲೆಯಿಂದ ಮೂಲೆಗೆ ಎಳೆಯಿರಿ, ರಬ್ಬರಿನ ಹಾಗೆ ಹಿಗ್ಗುತ್ತದೆ. ಉಡುಪು ಕತ್ತರಿಸಿ ಉಳಿದ ತುಂಡುಗಳಲ್ಲಿ ತೋಳಿನ ಸುತ್ತು, ಕೊರಳಿನ ಸುತ್ತು ಇರುವುದರಿಂದ ಎಳೆ ಯಾವ ಕಡೆಗೆ ಓಡುತ್ತಿದೆ ಎಂಬುದನ್ನು ನೋಡದೆ ಚೌಕ ಕತ್ತರಿಸಿದರೆ ಅರ್ಧಕ್ಕರ್ಧ ಚೌಕಗಳು ಕ್ರಾಸ್, ಎಂದರೆ ಎಳೆಗೆ ಓರೆ, ಆಗಿರುತ್ತವೆ. ಮೇಜಿನ ಮೇಲೆ ಅವು ಚೌಕವೇ. ಯಂತ್ರದ ಹಲ್ಲು ಹಿಡಿದು ಎಳೆದ ಕೂಡಲೇ ಅಲ್ಲ. ಅಂಚಿಗೆ ಸಮಾನಾಂತರವಾಗಿ ಓಡುವ ಒಂದೇ ಒಂದು ಎಳೆಯನ್ನು ಕಿತ್ತು, ಆ ಗೆರೆಯ ಮೇಲೆ ಕತ್ತರಿ ಆಡಿಸಿ.

ಹೊಲಿಗೆ ಬಿಟ್ಟ ಜಾಗವನ್ನು ಒಳಮಗ್ಗುಲಿನಿಂದ ನೋಡಿದ್ದೀರಾ? ಇಂಥದ್ದೇ ಒಂದು ಹೊದಿಕೆಯನ್ನು ಒಬ್ಬರು ನನ್ನ ಮೇಜಿನ ಮೇಲೆ ತಂದು ಹರಡಿದ್ದರು. ಬಿಟ್ಟ ಕಡೆ ನೂಲು ಹರಿದಿರಲೇ ಇಲ್ಲ. ಸೂಜಿ ಹೋದ ತೂತುಗಳ ಸಾಲು ಹಾಗೆಯೇ ಇತ್ತು, ಅದರಾಚೆ ಉಳಿಸಿದ್ದ ಬಟ್ಟೆ ಮಾತ್ರ ಜೋಳದ ಮೀಸೆಯಂತೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ಚೂರು ಉಳಿಸುವ ಆಸೆಗೆ ಅವರು ಬಿಟ್ಟದ್ದು ಎರಡೇ ಮಿಲಿಮೀಟರ್ ಮಾರ್ಜಿನ್. ಒತ್ತಾದ ನೇಯ್ಗೆಯ ಹತ್ತಿಗೆ ಕಾಲು ಇಂಚು ಬೇಕೇ ಬೇಕು. ಸಡಿಲ ನೇಯ್ಗೆಗೆ ಅರ್ಧ ಇಂಚು. ಹೊಲಿಗೆಯ ಉದ್ದ 2ರಿಂದ 2.5 ಮಿಲಿಮೀಟರ್ ಇರಲಿ, ಸೂಜಿ ಹೊಸದಿರಲಿ.

ಆ ಕಾಲು ಇಂಚು ಎಲ್ಲೆಡೆಯೂ ಕಾಲು ಇಂಚೇ ಆಗಿರಬೇಕು. ಒಂದು ಸಾಲಿನಲ್ಲಿ 12 ಚೌಕಗಳಿದ್ದರೆ 11 ಹೊಲಿಗೆ. ಪ್ರತಿ ಹೊಲಿಗೆಯ ಎರಡೂ ಬದಿಗೆ ಇಂಚಿನ ಹದಿನಾರನೇ ಒಂದು ಪಾಲು ತಪ್ಪಿದರೂ ಸಾಲಿನ ಕೊನೆಯಲ್ಲಿ ಒಂದೂಕಾಲು ಇಂಚಿಗಿಂತ ಹೆಚ್ಚೇ ವ್ಯತ್ಯಾಸ ಬರುತ್ತದೆ. ಉದ್ದವಾದ ಸಾಲನ್ನು ಗಿಡ್ಡ ಸಾಲಿಗೆ ಕೂಡಿಸಲು ನೀವು ಕೈಯಿಂದ ಎಳೆದಿರುತ್ತೀರಿ. ಮುದುರಲು ಅದೂ ಒಂದು ಕಾರಣ. ಯಂತ್ರದ ತಗಡಿನ ಮೇಲೆ ಸೂಜಿಯಿಂದ ಕಾಲು ಇಂಚು ಅಳೆದು ಒಂದು ಟೇಪು ಅಂಟಿಸಿಕೊಳ್ಳಿ, ಸಾಕು.

ಹಾಗಾದರೆ ಕ್ರಾಸ್ ತುಂಡು, ತೆಳು ತುಂಡು, ಅಂಗೈಯಗಲದ ವಕ್ರ ತುಂಡುಗಳನ್ನು ಬಿಸಾಡಬೇಕೇ? ಬೇಡವೇ ಬೇಡ. ಅವುಗಳಿಗೆ ಚೌಕದ ಹಂಗು ಬೇಡ. ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ ಬೆಡ್‌ಶೀಟ್ ಒಂದನ್ನು ತಳಕ್ಕೆ ಹಾಸಿ, ತುಂಡುಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಇಟ್ಟು, ಅಂಚು ಮಡಚಿ, ತಳದ ಬಟ್ಟೆಗೇ ಹೊಲಿಯುತ್ತಾ ಹೋಗಿ. ಭಾರವನ್ನು ತಳ ಹೊರುತ್ತದೆ, ತುಂಡು ಯಾವ ದಿಕ್ಕಿಗಿದ್ದರೂ ಹಿಗ್ಗಲು ಜಾಗವಿರುವುದಿಲ್ಲ. ಕೌದಿ ಹೊಲಿಯುವವರು ಮಾಡುವುದು ಇದನ್ನೇ. ಮೇಲಿನಿಂದ ತಳದವರೆಗೆ ಒತ್ತೊತ್ತಾಗಿ ಓಡುವ ಆ ದಾರದ ಸಾಲುಗಳನ್ನು ಅಲಂಕಾರ ಎಂದುಕೊಂಡವರು ಬಹಳ. ಪದರಗಳನ್ನು ಹಿಡಿದಿಡುವುದೇ ಅವು.

ನಿಮ್ಮ ಹೊದಿಕೆಗೆ ಈಗ ಮಾಡಬಹುದಾದದ್ದು: ಕುಗ್ಗಿದ್ದು ಹಿಗ್ಗುವುದಿಲ್ಲ. ಬಿಟ್ಟ ಜಾಗಗಳ ಮೇಲೆ ಅದೇ ಜಾತಿಯ ಬಟ್ಟೆಯ ಅಗಲವಾದ ತೇಪೆ ಹಾಕಿ, ಪೂರ್ತಿ ಹೊದಿಕೆಗೆ ತಳ ಕೊಟ್ಟು ಕೈಹೊಲಿಗೆ ಓಡಿಸಿ. ಬಿಚ್ಚಿ ಮತ್ತೆ ಹೊಲಿಯಲು ಹೋಗಬೇಡಿ. ತೂತು ಬಿದ್ದು ಎಳೆ ಬಿಚ್ಚಿಕೊಂಡ ಅಂಚಿನಲ್ಲಿ ಎರಡನೆಯ ಹೊಲಿಗೆ ನಿಲ್ಲುವುದು ಕಷ್ಟ.

ಪ್ರಶ್ನೆ: ಉಪ್ಪುನೀರಿನಲ್ಲಿ ಅಥವಾ ವಿನೆಗರಿನಲ್ಲಿ ನೆನೆಸಿದರೆ ಬಣ್ಣ ಬಿಡುವುದಿಲ್ಲವಂತೆ?

ಉತ್ತರ: ಸುಳ್ಳು. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪಿಗೆ ಕೆಲಸವಿದೆ, ಬಟ್ಟೆ ಕೈಗೆ ಬಂದ ಮೇಲೆ ಇಲ್ಲ. ವಿನೆಗರ್ ಹತ್ತಿಯ ಬಣ್ಣವನ್ನು ಹಿಡಿದಿಡುವುದಿಲ್ಲ. ಈ ಮಾತನ್ನು ವಿಡಿಯೊಗಳಲ್ಲಿ ಹೇಳುತ್ತಲೇ ಇರುವವರಿಂದ ಎಷ್ಟು ಬಿಳಿ ಬಟ್ಟೆ ಗುಲಾಬಿಯಾಗಿದೆಯೋ! ಕೆಂಪು, ಕಡುನೀಲಿ ತುಂಡುಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿಡಿ. ಕಲೆ ಬಿದ್ದರೆ ಬಿಡುವುದು ನಿಲ್ಲುವವರೆಗೆ ಒಗೆಯಿರಿ. ನಿಲ್ಲದಿದ್ದರೆ ಆ ತುಂಡನ್ನು ಸೇರಿಸಬೇಡಿ.

ಪ್ರಶ್ನೆ: ಸಣ್ಣ ಚಿಂದಿಗಳನ್ನೇ ದಿಂಬಿಗೆ ತುಂಬಬಹುದೇ?

ಉತ್ತರ: ಒರಗುವ ದಿಂಬಿಗೆ ಆಗಬಹುದು, ತಲೆಗೆ ಬೇಡ. ಗಂಟುಗಂಟಾಗುತ್ತದೆ, ಒಗೆದರೆ ಒಳಗೆ ಒಣಗುವುದಿಲ್ಲ. ಜಿಪ್ ಇರುವ ಒಳಚೀಲದಲ್ಲಿ ತುಂಬಿ, ಹೊರಗವಸು ಮಾತ್ರ ಒಗೆಯಿರಿ.

ಪ್ರಶ್ನೆ: ಹೊಲಿಯುವ ಬದಲು ಅಂಟಿಸಿದರೆ?

ಉತ್ತರ: ಬೇಡ.

ಪ್ರಶ್ನೆ: ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೆ ಯಾವ ಚೂರಾದರೂ ನಡೆಯುತ್ತದೆಯೇ?

ಉತ್ತರ: ಶುದ್ಧ ಹತ್ತಿ ಮಾತ್ರ. ಮೇಲೆ, ಒಳಗೆ, ತಳದಲ್ಲಿ, ದಾರದಲ್ಲಿ ಕೂಡ. ನಾಲ್ಕು ಪದರದ ನಡುವೆ ಒಂದೇ ಒಂದು ಪಾಲಿಯೆಸ್ಟರ್ ಪದರ ಸೇರಿದ್ದ ಅಂಥ ಬಟ್ಟೆ ಒಮ್ಮೆ ನನ್ನ ಕೈಯಲ್ಲೇ ಕರಗಿತು. ಕರಗಿದ್ದು ಚರ್ಮಕ್ಕೆ ಅಂಟುತ್ತದೆ, ಕೊಡವಿದರೆ ಹೋಗುವುದಿಲ್ಲ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಆ ಗುರುತು ಇಂದಿಗೂ ಇದೆ. ಅನುಮಾನವಿರುವ ತುಂಡನ್ನು ಕಾಲೊರಸಿಗೆ ಹಾಕಿ.

ಪ್ರಶ್ನೆ: ಹುಟ್ಟಲಿರುವ ಮೊಮ್ಮಗುವಿಗೆ ಚೂರು ಬಟ್ಟೆಯ ದಪ್ಪ ಹೊದಿಕೆ, ತೊಟ್ಟಿಲ ಸುತ್ತ ಮೆತ್ತೆ ಹೊಲಿಯುತ್ತಿದ್ದೇನೆ. ಒಳಗೆ ಏನು ತುಂಬಲಿ?

ಉತ್ತರ: ಏನನ್ನೂ ತುಂಬಬೇಡಿ, ಅಮ್ಮ. ಒಂದು ವರ್ಷ ತುಂಬುವವರೆಗೆ ಮಗು ಮಲಗುವ ಜಾಗದಲ್ಲಿ ಸಡಿಲ ಹೊದಿಕೆ, ದಿಂಬು, ಮೆತ್ತೆ ಯಾವುದೂ ಇರಬಾರದು. ಉಸಿರು ಕಟ್ಟುವ ಅಪಾಯವಿದೆ. ಹೊಲಿದದ್ದನ್ನು ನೆಲಕ್ಕೆ ಹಾಸಿ, ಮಗು ಎಚ್ಚರವಿದ್ದಾಗ, ನೀವು ಪಕ್ಕದಲ್ಲಿ ಕೂತಿರುವಾಗ ಅದರ ಮೇಲೆ ಆಡಲಿ. ಗುಂಡಿ, ಮಣಿ, ನೇತಾಡುವ ದಾರ ಒಂದೂ ಬೇಡ.