ಎಂಎಚ್ ಪಾಸಿಂಗ್ ಗಾಡಿ ಅಗ್ಗ ಯಾಕೆ: ಬೆಳಗಾವಿಗೆ ಹೊಸದಾಗಿ ಬಂದವರಿಗೆ ಉತ್ತರ

ವರ್ಗವಾಗಿ ಬೆಳಗಾವಿಗೋ ಚಿಕ್ಕೋಡಿಗೋ ಬಂದವರು ಸೆಕೆಂಡ್ ಹ್ಯಾಂಡ್ ಬ್ರೆಝಾ, ನೆಕ್ಸಾನ್, ವೆನ್ಯೂ ಹುಡುಕಲು ಹೊರಟರೆ ಏಜೆಂಟ್ ಮೊದಲು ಕೇಳುವುದು ಒಂದೇ ಮಾತು: "ಕೆಎ ಪಾಸಿಂಗ್ ಬೇಕೇನ್ರೀ, ಎಂಎಚ್ ಆದ್ರೂ ನಡೀತೈತಿ?" ಪಾಸಿಂಗ್ ಅಂದರೆ ಗಾಡಿ ಯಾವ ಆರ್‌ಟಿಒದಲ್ಲಿ ನೋಂದಣಿ ಆಗಿದೆ ಅನ್ನುವುದು. ಕೆಎ 22 ಬೆಳಗಾವಿ, ಕೆಎ 23 ಚಿಕ್ಕೋಡಿ, ಎಂಎಚ್ 09 ಕೊಲ್ಹಾಪುರ, ಎಂಎಚ್ 10 ಸಾಂಗ್ಲಿ. ನಿಪ್ಪಾಣಿ ದಾಟಿ ಕಾಗಲ್ ಸೇರಿದರೆ ಮಹಾರಾಷ್ಟ್ರ, ಚೋರ್ಲಾ ಘಾಟ್ ಇಳಿದರೆ ಗೋವಾ. ಹೀಗಾಗಿ ಒಂದೇ ಮಾಡೆಲ್, ಒಂದೇ ವರ್ಷದ ಗಾಡಿಗೆ ಇಲ್ಲಿ ಮೂರು ದರ.

ಈ ವ್ಯತ್ಯಾಸದ ಬಹುಪಾಲು ತೆರಿಗೆಯದು. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ ಆಜೀವ ತೆರಿಗೆ 14%, ಅದರ ಮೇಲೆ ಸೆಸ್. 10ರಿಂದ 20 ಲಕ್ಷದ್ದಾದರೆ 17%. ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಬಹಳ ಕಾಲ 11% ಇತ್ತು, ಗೋವಾದಲ್ಲೂ ಕರ್ನಾಟಕಕ್ಕಿಂತ ಕಡಿಮೆ. ಆ ಗಾಡಿಯನ್ನು ಇಲ್ಲಿ ಕೆಎ ಮಾಡಿಸಲು ಹೋದಾಗ ತೆರಿಗೆ ಬೀಳುವುದು ನೀವು ಕೊಟ್ಟ ಬೆಲೆಯ ಮೇಲಲ್ಲ. ಹೊಸದಿದ್ದಾಗಿನ ಬೆಲೆ ಹಿಡಿದು, ಗಾಡಿಯ ವಯಸ್ಸಿಗೆ ತಕ್ಕಂತೆ ಕಡಿತ ಮಾಡುತ್ತಾರೆ. 9 ಲಕ್ಷದ ಗಾಡಿಗೆ ಹೊಸದರಲ್ಲಿ 1.26 ಲಕ್ಷ ತೆರಿಗೆ, ಸೆಸ್ ಬೇರೆ. ಆರು ವರ್ಷ ಹಳೆಯದಾದರೂ ಅದರ ಅರ್ಧಕ್ಕಿಂತ ಹೆಚ್ಚು ಕಟ್ಟಲೇಬೇಕು. ಅಂದರೆ 50 ಸಾವಿರ ಅಗ್ಗಕ್ಕೆ ಸಿಕ್ಕಿತೆಂದು ತಂದ ಎಂಎಚ್ ಗಾಡಿ ಕೊನೆಗೆ ಕೆಎ ಗಾಡಿಗಿಂತ ದುಬಾರಿ ಬೀಳುತ್ತದೆ. ಚೌಕಾಸಿಗೆ ಕೂರುವ ಮುಂಚೆಯೇ ಆರ್‌ಟಿಒದಲ್ಲಿ ಈ ಮೊತ್ತ ಕೇಳಿಕೊಂಡು ಬನ್ನಿ. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಉಳಿಕೆ ವಾಪಸ್ ಕೇಳಲು ಅವಕಾಶವಿದೆ, ಆದರೆ ಅದು ನಿಧಾನದ ಕೆಲಸ. ಏಜೆಂಟ್ ಆ ದುಡ್ಡನ್ನು ತೋರಿಸಿ ದರ ಏರಿಸಿದರೆ ಒಪ್ಪಬೇಡಿ.

"ಇಲ್ಲಿ ಎಲ್ಲರೂ ಎಂಎಚ್ ಪ್ಲೇಟಲ್ಲೇ ಓಡಿಸ್ತಾರೆ" ಅನ್ನುವ ಮಾತೂ ಕಿವಿಗೆ ಬೀಳುತ್ತದೆ. ದಿನಾ ಗಡಿ ದಾಟುವವರ ಮಾತು ಬೇರೆ. ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು ಎಂಬುದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಮನೆ ಬೆಳಗಾವಿಯಲ್ಲಿ, ಕೆಲಸ ಬೆಳಗಾವಿಯಲ್ಲಿ ಎಂದಾದರೆ ಕೆಎ ಮಾಡಿಸುವ ಖರ್ಚನ್ನು ಗಾಡಿಯ ಬೆಲೆಯಲ್ಲೇ ಸೇರಿಸಿಕೊಳ್ಳಿ.

ಕಾಗದಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಗಾಡಿ ಪ್ರವಾಹದ ನೀರಲ್ಲಿ ನಿಂತಿತ್ತೇ ಅನ್ನುವ ಪರೀಕ್ಷೆಗೆ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಪಂಚಗಂಗಾ, ಕೃಷ್ಣಾ ಉಕ್ಕಿ ಕೊಲ್ಹಾಪುರ, ಸಾಂಗ್ಲಿ ಮುಳುಗಿದವು. 2019ರಲ್ಲಿ ನಮ್ಮ ಜಿಲ್ಲೆಯ ನದಿ ದಂಡೆಯ ಊರುಗಳೂ ಮುಳುಗಿದವು. ನೀರಲ್ಲಿ ನಿಂತ ಗಾಡಿ ತೊಳೆದು, ಪಾಲಿಶ್ ಹೊಡೆದು, ಹೊಸ ಸೀಟ್ ಕವರ್ ಹಾಕಿದರೆ ಮೇಲುನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಡ್ರೈವರ್ ಸೀಟಿನ ಬೆಲ್ಟನ್ನು ಪೂರ್ತಿ, ಇನ್ನು ಬರುವುದಿಲ್ಲ ಅನ್ನುವತನಕ ಎಳೆಯಿರಿ. ಕೊನೆಯ ಒಂದು ಗೇಣು ಪಟ್ಟಿಯನ್ನು ಯಾರೂ ತೊಳೆದಿರುವುದಿಲ್ಲ. ಅಲ್ಲಿ ಬಣ್ಣ ಮಾಸಿ ಅಡ್ಡಗೆರೆ ಇದ್ದರೆ, ಬೆರಳಿಗೆ ನಯವಾದ ಹೂಳು ಹತ್ತಿದರೆ ಗಾಡಿ ಬಿಟ್ಟು ಎದ್ದುಬನ್ನಿ. ಆಮೇಲೆ ಸೀಟಿನ ಕೆಳಗಿನ ಹಳಿಯ ಬೋಲ್ಟು, ಸ್ಟೆಪ್ನಿ ಇಡುವ ಗುಂಡಿ, ಡ್ಯಾಶ್‌ಬೋರ್ಡಿನ ಕೆಳಗಿನ ಫ್ಯೂಸ್ ಪೆಟ್ಟಿಗೆ ನೋಡಿ. ಒಳಗಿನ ಬೋಲ್ಟಿಗೆ ತುಕ್ಕು ಹಿಡಿಯಲು ಬೇರೆ ಕಾರಣ ಕಡಿಮೆ. ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜು ಒತ್ತಿ ನೋಡಿ, ಮೂಸಿ ನೋಡಿ. ಇಂಥ ಗಾಡಿಯ ಇಂಜಿನ್ ವರ್ಷಗಟ್ಟಲೆ ಓಡಬಹುದು. ಆದರೆ ವೈರಿಂಗ್ ಜೋಡಣೆಗಳಿಗೆ ಹಸಿರು ಕಿಲುಬು ಹತ್ತಿ ಏರ್‌ಬ್ಯಾಗ್ ದೀಪ, ಪವರ್ ವಿಂಡೋ, ಸೆನ್ಸರ್ ಒಂದೊಂದಾಗಿ ಕೈಕೊಡುತ್ತವೆ. ಗ್ಯಾರೇಜಿನವರಿಗೂ ಬೇರು ಸಿಗುವುದಿಲ್ಲ.

ಗೋವಾ ಗಾಡಿಯ ಕಾಯಿಲೆ ಬೇರೆ. ಕಡಲಿನ ಉಪ್ಪುಗಾಳಿಗೆ ತಳಭಾಗ, ಸೈಲೆನ್ಸರ್ ಪೈಪು, ಬಾಗಿಲಿನ ಕೆಳ ಅಂಚು ತುಕ್ಕು ಹಿಡಿದಿರುತ್ತವೆ. ರ‍್ಯಾಂಪ್ ಮೇಲೆ ಏರಿಸಿ ನೋಡದೆ ಕೊಳ್ಳಬೇಡಿ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರದ ಬಾಡಿಗೆ ಗಾಡಿಯಾಗಿ ಪ್ರವಾಸಿಗರ ಕೈಲಿ ಓಡಿ, ಆಮೇಲೆ ಬಿಳಿ ಪ್ಲೇಟಿಗೆ ಬಂದವೂ ಇರುತ್ತವೆ. ಆರ್‌ಸಿಯ ಹಿಂದಿನ ದಾಖಲೆ ಕೇಳಿದರೆ ಹೊರಬರುತ್ತದೆ.

ಇಂಜಿನ್ ವಿಷಯದಲ್ಲಿ ಇಷ್ಟು ನೆನಪಿಡಿ. ಬ್ರೆಝಾ 2020ರ ತನಕ 1.3 ಡೀಸೆಲ್, ಆಮೇಲೆ 1.5 ಪೆಟ್ರೋಲ್. ಡಸ್ಟರ್ ಡೀಸೆಲ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ. ಲಕ್ಷ ಕಿಲೋಮೀಟರ್ ಆಸುಪಾಸಿನ ಗಾಡಿಗೆ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ, ಯಾಕೆಂದರೆ ಬೆಲ್ಟ್ ಹರಿದರೆ ವಾಲ್ವ್ ಬಾಗುತ್ತವೆ. ಇಕೋಸ್ಪೋರ್ಟ್ ರಸ್ತೆಯ ಮೇಲೆ ಗಟ್ಟಿ ಗಾಡಿ, ಆದರೆ ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಘೋಷಿಸಿತು. ಸರ್ವಿಸ್ ಎಲ್ಲಿ ಮಾಡಿಸುವುದು ಎಂದು ಮೊದಲೇ ವಿಚಾರಿಸಿ. ಬಿಎಸ್6 (2020ರಿಂದ ಬಂದ ಹೊಗೆ ನಿಯಮದ) ಡೀಸೆಲ್ ಗಾಡಿ ಕೊಂಡು ಊರೊಳಗೆ ನಾಲ್ಕು ಕಿಲೋಮೀಟರ್ ಮಾತ್ರ ಓಡಿಸಿದರೆ ಹೊಗೆಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೊರಗಡೆ ಹಾಕಿಸಿದ ಸಿಎನ್‌ಜಿ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗಿರಬೇಕು.

ಗಾಡಿಯನ್ನು ಬೆಳಿಗ್ಗೆ, ಇಂಜಿನ್ ತಣ್ಣಗಿದ್ದಾಗ ನೋಡಿ. ಬಿಸಿ ಮಾಡಿಟ್ಟ ಡೀಸೆಲ್ ಗಾಡಿ ಯಾವುದಾದರೂ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ.

ಕಾಗದದ ಕ್ರಮ ಹೀಗೆ: ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರ್ಮ್ 35, ಹಳೆ ಆರ್‌ಟಿಒದ ಎನ್‌ಒಸಿಗೆ ಫಾರ್ಮ್ 28, ವರ್ಗಾವಣೆಗೆ 29 ಮತ್ತು 30, ಇಲ್ಲಿ ಹೊಸ ಸಂಖ್ಯೆಗೆ ಫಾರ್ಮ್ 27. ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ನಿಮ್ಮ ಎದುರೇ ತೆಗೆಸಿ. ಎನ್‌ಒಸಿ ಕೈಗೆ ಬರುವತನಕ ಪೂರ್ತಿ ದುಡ್ಡು ಕೊಡಬೇಡಿ. ಮಾಲೀಕ ಊರು ಬಿಟ್ಟುಹೋದರೆ ಸಹಿಗಾಗಿ ಕೊಲ್ಹಾಪುರಕ್ಕೆ ಅಲೆಯುವುದು ನೀವು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ ಮಾಲೀಕನದು, ಗಾಡಿಯ ಜೊತೆ ಬರುವುದಿಲ್ಲ.

ಚಲನ್‌ಗಳನ್ನು ಪರಿವಾಹನ್ ತಾಣದಲ್ಲೂ ಮಹಾರಾಷ್ಟ್ರ ಟ್ರಾಫಿಕ್ ಪೊಲೀಸರ ತಾಣದಲ್ಲೂ ನೋಡಿ. ಡೆಲಿವರಿ ನೋಟಿನಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷ ಬರೆಸಿ ಇಬ್ಬರೂ ಸಹಿ ಹಾಕಿ. ಆ ಹೊತ್ತಿಗೆ ಮುಂಚಿನ ದಂಡ ಮಾರಿದವರದು, ಆಮೇಲಿನದು ನಿಮ್ಮದು.