ತೂಕ ಇಳಿಯಿತು, ಜೊತೆಗೆ ಕೂದಲೂ ಉದುರುತ್ತಿದೆ. ಏನು ಮಾಡಲಿ?

ಪ್ರಶ್ನೆ: ನನಗೆ 38 ವರ್ಷ. ಮೂರು ತಿಂಗಳಲ್ಲಿ 82 ಕೆ.ಜಿ.ಯಿಂದ 67ಕ್ಕೆ ಇಳಿದಿದ್ದೇನೆ. ಬೆಳಿಗ್ಗೆ ಗ್ರೀನ್ ಟೀ, ಪಪ್ಪಾಯಿ. ಮಧ್ಯಾಹ್ನ ಒಂದು ಜೋಳದ ರೊಟ್ಟಿ, ಪಲ್ಯ. ರಾತ್ರಿ ಸೌತೆಕಾಯಿ, ಮಜ್ಜಿಗೆ. ಈಗ ತಲೆ ಬಾಚಿದರೆ ಹಿಡಿ ಕೂದಲು ಬರುತ್ತದೆ. ಫ್ಯಾನ್ ಹಾಕಿದರೆ ಚಳಿ. ಎದ್ದು ನಿಂತರೆ ಕಣ್ಣು ಕತ್ತಲೆ. ಸೊಪ್ಪು ಬಿಡಿಸಲು ನೆಲದ ಮೇಲೆ ಕೂತರೆ ಬೆನ್ನಿನ ತುದಿ ಮೂಳೆ ನೋಯುತ್ತದೆ. ಮೊನ್ನೆ ಅಕ್ಕಿ ತೊಳೆಯುವಾಗ ಉಂಗುರ ಜಾರಿ ಪಾತ್ರೆಗೆ ಬಿತ್ತು. ನೋಡಿದವರೆಲ್ಲ ‘ಶುಗರ್ ಬಂತಾ?’ ಎಂದು ಕೇಳುತ್ತಾರೆ. ಎರಡು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಕಣ್ಣು ಕತ್ತಲೆಯ ವಿಷಯ. ಇದನ್ನು ಈ ವಾರವೇ ನೋಡಿಸಬೇಕು. 82 ಕೆ.ಜಿ. ಇದ್ದಾಗ ಬರೆದುಕೊಟ್ಟ ಬಿಪಿ ಮಾತ್ರೆ ಈಗ ನಿಮಗೆ ಜಾಸ್ತಿ ಆಗಿರಬಹುದು. ತೂಕ ಇಳಿದ ಹಾಗೆ ಬಿಪಿಯೂ ಇಳಿಯುತ್ತದೆ. ಹಾಗಂತ ನೀವೇ ಮಾತ್ರೆ ಬಿಡಬೇಡಿ. ನಿಮ್ಮ ವೈದ್ಯರ ಹತ್ತಿರ ಹೋಗಿ, ಕೂತಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿಸಿ. ಡೋಸ್ ಎಷ್ಟು ಎಂದು ಅವರು ಹೇಳಲಿ. ಅಲ್ಲಿವರೆಗೆ ಬೆಳಿಗ್ಗೆ ಎದ್ದ ತಕ್ಷಣ ನಿಲ್ಲಬೇಡಿ, ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಏಳಿ.

ಇನ್ನು ಕೂದಲು. ಇವತ್ತು ಬಾಚಣಿಗೆಗೆ ಬರುವ ಕೂದಲು ಬೆಳೆಯುವುದನ್ನು ನಿಲ್ಲಿಸಿ ಎರಡು ಮೂರು ತಿಂಗಳಾಗಿದೆ. ಅಂದರೆ ನೀವು ಊಟ ಕಡಿಮೆ ಮಾಡಿದ ದಿನಗಳಲ್ಲೇ. ಹೊಟ್ಟೆಗೆ ಸಾಲದೆ ಹೋದಾಗ ದೇಹ ಹೃದಯ, ಮೆದುಳನ್ನು ಮೊದಲು ನೋಡಿಕೊಳ್ಳುತ್ತದೆ, ಕೂದಲನ್ನು ಆಮೇಲೆ. ಬೇರು ಹಾಳಾಗಿಲ್ಲ, ಆದ್ದರಿಂದ ಧೈರ್ಯವಾಗಿರಿ. ಊಟ ಸರಿಹೋದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಲ್ಲುತ್ತದೆ. ಎಣ್ಣೆ ಬದಲಾಯಿಸಿ ಸುಮ್ನೆ ದುಡ್ಡು ಕಳೆಯಬೇಡಿ. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವುದು), ಥೈರಾಯ್ಡ್ ಪರೀಕ್ಷೆ ಮಾಡಿಸಿ. ಯಾರಾದರೂ ಹೇಳಿದರು ಅಂತ ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮೊದಲೇ ವೈದ್ಯರಿಗೆ ತಿಳಿಸಿ. ಅದರಿಂದ ಥೈರಾಯ್ಡ್ ವರದಿ ತಪ್ಪಾಗಿ ಬರಬಹುದು.

ನಿಮ್ಮ ಊಟದ ಪಟ್ಟಿ ಓದಿ ನನಗೆ ನಿಜವಾಗಿಯೂ ಸಂಕಟವಾಯಿತು. ಲೆಕ್ಕ ಹಾಕಿದರೆ ದಿನಕ್ಕೆ 20 ಗ್ರಾಂ ಪ್ರೋಟೀನ್ ಬರುವುದೂ ಕಷ್ಟ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಲೆಕ್ಕದಲ್ಲಿ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಬೇಕು. ನಿಮಗೆ ಸುಮಾರು 56 ಗ್ರಾಂ. ಅದು ಸಿಗದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಕೈಕಾಲಲ್ಲಿ ಶಕ್ತಿ ಇರುವುದಿಲ್ಲ. ರೊಟ್ಟಿ ಎರಡು ಮಾಡಿಕೊಳ್ಳಿ, ಜೊತೆಗೆ ಹೆಸರುಕಾಳಿನ ಪಲ್ಯ ಇರಲಿ. ಬೆಳಿಗ್ಗೆ ಎರಡು ಮೊಟ್ಟೆ ತಿಂದರೆ ಅಲ್ಲೇ 12 ಗ್ರಾಂ ಆಯಿತು. ಮೊಟ್ಟೆ ತಿನ್ನದಿದ್ದರೆ ಪನೀರ್ ಇದೆ, 100 ಗ್ರಾಂನಲ್ಲಿ ಸುಮಾರು 18 ಗ್ರಾಂ ಸಿಗುತ್ತದೆ. ರಾತ್ರಿ ಸೌತೆಕಾಯಿ ತಿನ್ನಿ, ಆದರೆ ಬರೀ ಅದೇ ಬೇಡ. ಗಟ್ಟಿ ಬೇಳೆ, ಒಂದು ಬಟ್ಟಲು ಮೊಸರು ಸೇರಲಿ. ತೂಕ ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಇಳಿದರೆ ಸಾಕು. ನಿಮ್ಮದು ಅದಕ್ಕಿಂತ ಜೋರಾಗಿ ಇಳಿದಿದೆ.

ಇಷ್ಟು ಬೇಗ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆ ಜಾಸ್ತಿ. ಊಟವಾದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದು ಬೆನ್ನಿಗೋ ಭುಜಕ್ಕೋ ಹರಿದರೆ ಗ್ಯಾಸ್ ಅಂದುಕೊಂಡು ಸೋಡಾ ಕುಡಿದು ಮಲಗಬೇಡಿ, ಸ್ಕ್ಯಾನ್ ಮಾಡಿಸಿ.

ಚಳಿ, ಬೆನ್ನಿನ ತುದಿಯ ನೋವು ಇವೆರಡೂ ಕೊಬ್ಬು ಕರಗಿದ್ದರಿಂದ ಇರಬಹುದು. ಚರ್ಮದ ಕೆಳಗಿನ ಕೊಬ್ಬು ಕಂಬಳಿಯೂ ಹೌದು, ಮೆತ್ತೆಯೂ ಹೌದು. ಊಟ ಕಡಿಮೆಯಾದರೆ ದೇಹದಲ್ಲಿ ಹುಟ್ಟುವ ಶಾಖವೂ ಕಡಿಮೆ. ನೆಲದ ಮೇಲೆ ಕೂರುವಾಗ ದಪ್ಪ ದಿಂಬು ಹಾಕಿಕೊಳ್ಳಿ. ಕುರ್ಚಿ ಹಿಡಿದು ಹತ್ತು ಸಲ ಕೂತು ಏಳುವ ವ್ಯಾಯಾಮ ಶುರುಮಾಡಿ, ಆದರೆ ತಲೆ ಸುತ್ತುವುದು ನಿಂತ ಮೇಲೆ ಮಾತ್ರ.

‘ಶುಗರ್ ಬಂತಾ’ ಎನ್ನುವವರಿಗೆ ‘ಇಲ್ಲಾರೀ, ನಾನೇ ಇಳಿಸಿದ್ದು’ ಅನ್ನಿ, ಸಾಕು. ಪ್ರಯತ್ನವೇ ಮಾಡದೆ ತೂಕ ಇಳಿದರೆ ಮಾತ್ರ ಆ ಪ್ರಶ್ನೆ ಸರಿ. ಅಂಥವರು ಶುಗರ್, ಥೈರಾಯ್ಡ್, ಕ್ಷಯ ಎಲ್ಲವನ್ನೂ ನೋಡಿಸಿಕೊಳ್ಳಬೇಕು.

ಉಂಗುರವನ್ನು ಈಗಲೇ ಅಕ್ಕಸಾಲಿಗರಿಗೆ ಕೊಡಬೇಡಿ, ಬ್ಲೌಸ್‌ಗಳನ್ನೂ ಕತ್ತರಿಸಿ ಹೊಲಿಸಬೇಡಿ. ತೂಕ ಎರಡು ತಿಂಗಳು ಒಂದೇ ಕಡೆ ನಿಲ್ಲಲಿ. ಅಲ್ಲಿವರೆಗೆ ಉಂಗುರಕ್ಕೆ ಒಂದಿಷ್ಟು ದಾರ ಸುತ್ತಿಕೊಳ್ಳಿ.